ಬೂಷ್ಟು ಹಿಡಿದ ಹುಳಗಳು

“ನಿನ್ನೆ ಏನು ಕಿತ್ತೆಯೇ ನೀನು?” ದಾಸಯ್ಯ ಮೇಸ್ತ್ರಿ ಹಾಲುವಾಣದ ಮರಕ್ಕೆ ಕೋಲು ತಟ್ಟಿ ಕೇಳಿದ. ಕಾಂಡದ ತುಂಬ ಕಂಬಳಿಹುಳ.

“ಡಬ್ಬಿ ತುಂಬ ಕಿತ್ತಿದೀನಿ ಮೇಸ್ತ್ರೇ. ನೀವೇ ನೋಡಿದ್ರಲ್ಲ,” ಎಂದಳು ರುದ್ರಾಣಿ.

“ಡಬ್ಬಿ ತುಂಬಿದ್ರೆ ಆಯ್ತಾ? ಸಾಲು ಚೊಕ್ಕ ಆಗ್ಬೇಕು. ಅಲ್ಲೀವರೆಗೆ ಶಾಲೆ ಇಲ್ಲ.”

ಆ ಮಳೆಗಾಲ ದೊರೆಯ ಎಸ್ಟೇಟಿಗೆ ಹುಳ ಬಿದ್ದಿತ್ತು. ಕಾಫಿಗೆ ನೆರಳು ಕೊಡುವ ಮರಗಳನ್ನು ಕೂಲಿಯವರ ಮಕ್ಕಳಿಗೆ ಒಂದೊಂದು ಸಾಲು ಹಂಚಿದ್ದರು. ಸಾಲು ಚೊಕ್ಕವಾದವರು ಕೊಟ್ಟಿಗೆಹಾರದ ಶಾಲೆಗೆ ಮರಳಿದ್ದರು. ಪಕ್ಕದ ಸಾಲಿನ ಹುಡುಗ ಚಿಕ್ಕಯ್ಯನೂ ನಾಳೆಯಿಂದ ಹೋಗುವವನಿದ್ದ. ಅವನ ಡಬ್ಬಿ ಒಂದು ದಿನವೂ ಅರ್ಧ ದಾಟಿರಲಿಲ್ಲ.

“ಏನು ಮಾಡ್ದೆ, ಹೇಳೋ,” ರುದ್ರಾಣಿ ಅವನನ್ನು ಕೇಳಿದಳು.

“ಏನೂ ಇಲ್ಲ ಮಾರಾಯ್ತಿ. ಮುಟ್ಟಿದ್ರೆ ತುರಿಸ್ತದೆ ಅಂತ ಸುಮ್ನೆ ಕೂತಿದ್ದೆ. ಅವೇ ಸತ್ವು.”

ರುದ್ರಾಣಿ ಅವನ ಮರಗಳನ್ನು ನೋಡಿದಳು. ಅಕ್ಕಿಹಿಟ್ಟಿನಲ್ಲಿ ಹೊರಳಿಸಿದಂತೆ ಬೆಳ್ಳಗಾದ ಹುಳಗಳು ತೊಗಟೆಗೆ ಅಂಟಿಕೊಂಡು ಸತ್ತಿದ್ದವು. ಅವಳ ಸಾಲಿನಲ್ಲೂ ಅಂಥವು ಇದ್ದವು. ಹರಿದಾಡುವುದಿಲ್ಲ, ಮೈಮೇಲೆ ಬೀಳುವುದಿಲ್ಲ, ಡಬ್ಬಿ ಬೇಗ ತುಂಬುತ್ತದೆ ಎಂದು ದಿನಾ ಅವನ್ನೇ ಮೊದಲು ಕೀಳುತ್ತಿದ್ದಳು.

“ಸತ್ತದ್ದಕ್ಕೆ ಬೂಷ್ಟು ಬಂದಿದೆ. ಅದ್ರಲ್ಲಿ ನೋಡೋದೇನು?” ಎಂದ ಚಿಕ್ಕಯ್ಯ.

ಬಿಳಿ ಹುಳವೊಂದರ ಪಕ್ಕದಲ್ಲೇ ಕಂದು ಹುಳವಿತ್ತು. ಕಡ್ಡಿಯಿಂದ ತಟ್ಟಿದರೆ ಸುಸ್ತಾದವರಂತೆ ತಲೆ ಎತ್ತಿತು. ಮರುದಿನ ಅದು ಸತ್ತಿತ್ತು. ಅದರ ಮರುದಿನ ಬೆಳ್ಳಗಾಗಿತ್ತು.

ಸತ್ತ ಮೇಲೆ ಬೂಷ್ಟು ಬಂದದ್ದಲ್ಲ. ಬೂಷ್ಟು ಹಿಡಿದೇ ಸತ್ತದ್ದು. ಒಂದರಿಂದ ಪಕ್ಕದ್ದಕ್ಕೆ ಹಬ್ಬುವ ಅದನ್ನೇ ಅವಳು ದಿನಾ ಕಿತ್ತು ಹಾಕುತ್ತಿದ್ದಳು.

ರುದ್ರಾಣಿ ಚಿಕ್ಕಯ್ಯನ ಮರಗಳಿಂದ ಬಿಳಿ ಹುಳಗಳನ್ನು ಕೆಸುವಿನ ಎಲೆಯಲ್ಲಿ ತಂದು, ತನ್ನ ಪ್ರತಿ ಮರದ ತೊಗಟೆಗೂ ಸಿಕ್ಕಿಸಿದಳು. ಜೀವ ಇರುವುದನ್ನಷ್ಟೇ ಕಿತ್ತಳು. ಕೈ ಬಾತುಕೊಂಡಿತು. ಡಬ್ಬಿಯ ತಳವಷ್ಟೇ ಮುಚ್ಚಿತು.

“ಹುಳ ಕೀಳು ಅಂದ್ರೆ ತಂದು ಇಡ್ತಾಳಲ್ಲ ಇವಳು,” ಮೇಸ್ತ್ರಿ ಬೈದ. “ತೆಗಿ ಅದನ್ನ.”

“ಇಲ್ಲ ಮೇಸ್ತ್ರೇ. ಒಂದು ವಾರ ಬಿಡಿ. ಆಗ್ಲೂ ಸಾಲು ಚೊಕ್ಕ ಆಗ್ದಿದ್ರೆ ಈ ವರ್ಷ ಶಾಲೆ ಕೇಳಲ್ಲ.”

“ಸರಿ, ಒಂದೇ ವಾರ,” ಎಂದು ಮೇಸ್ತ್ರಿ ಮುಂದೆ ನಡೆದ.

ಮಳೆ ಬಿಡಲಿಲ್ಲ. ಮೂರು ದಿನ ಏನೂ ಆಗಲಿಲ್ಲ. ಐದನೆಯ ದಿನ ಹುಳಗಳು ಮಂಕಾದವು. ಏಳನೆಯ ದಿನ ಕಾಂಡಗಳ ಮೇಲೆಲ್ಲ ಬಿಳಿ ಬೂಷ್ಟು.

ಮೇಸ್ತ್ರಿ ಸಾಲಿನುದ್ದಕ್ಕೂ ನಡೆದು ಬಂದ. “ನಾಳೆ ಹೋಗು ಶಾಲೆಗೆ. ಅಗೋ, ಆ ಕೊಂಬೇಲಿ ಒಂದು ಹರಿದಾಡ್ತಿದೆ. ಅದನ್ನೂ ಕಿತ್ತು ಹಾಕು.”

ರುದ್ರಾಣಿ ಕೊಂಬೆ ಬಗ್ಗಿಸಿದಳು. ಹುಳ ಚೆನ್ನಾಗಿ ತಿಂದು ದಪ್ಪಗಾಗಿತ್ತು. ಇನ್ನೇನು ಮಣ್ಣಿಗಿಳಿದು ಗೂಡು ಕಟ್ಟುತ್ತದೆ, ಆಮೇಲೆ ಪತಂಗವಾಗಿ ಹಾರುತ್ತದೆ. ಒಂದೂ ಉಳಿಯದಿದ್ದರೆ ಬೂಷ್ಟಿಗೆ ತಿನ್ನಲು ಏನೂ ಇರದೆ ಅದೂ ಸಾಯುತ್ತದೆ. ಮುಂದಿನ ಮಳೆಗಾಲ ಬೇರೆ ಕಡೆಯಿಂದ ಹುಳ ಬಂದರೆ ಆಗ ಕೊಲ್ಲಲು ಬೂಷ್ಟೆಲ್ಲಿ?

ಮೇಸ್ತ್ರಿ ಆ ಕಡೆ ತಿರುಗಿದ. ಅವಳು ಕೊಂಬೆಯನ್ನು ಮೆಲ್ಲಗೆ ಬಿಟ್ಟಳು.