ಕಲ್ಲೂರು ಬಾಯ್ಲರಿನ ಸುಳ್ಳು ನಂಬರು

ಟಕ್... ಟಕ್...

ಬಾಗಿಲು ತೆರೆದ ವೇದಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. ರಾತ್ರಿಯ ಮಬ್ಬಿನಲ್ಲಿ ಪ್ರಭುರಾಜ! ಮೂರು ತಿಂಗಳ ಮೌನದ ನಂತರ ಬಂದವನು ಟವೆಲಿನಲ್ಲಿ ಸುತ್ತಿದ ಭಾರವಾದ ಗಂಟೊಂದನ್ನು ಅವಳ ಕೈಗಿಟ್ಟ.

"ಯಾರವಾ ವೇದಾ, ಇಷ್ಟೊತ್ತಿನಾಗ?" ಒಳಗಿನಿಂದ ತಾಯಿ ಸತ್ಯಭಾಮಾಬಾಯಿಯ ದನಿ.

"ಕಾರ್ಖಾನಿಯವರು, ಅಮ್ಮಾ."

ಮೇಜಿನ ಮೇಲೆ ಕಲ್ಲೂರು ಬಾಯ್ಲರಿನ ಬಗ್ಗೆ ನಾಳೆ ತಪಾಸಣಾಧಿಕಾರಿಗೆ ಒಪ್ಪಿಸಬೇಕಾದ ಹೇಳಿಕೆ ಇತ್ತು. ಎಲ್ಲವನ್ನೂ ಬರೆದಾಗಿತ್ತು. 'ತಪ್ಪಿತಸ್ಥರು' ಎಂಬಲ್ಲಿ ಮಾತ್ರ ಖಾಲಿ.

ಇಬ್ಬರೂ ದುಡಿಯುವ ರಾಯಚೂರಿನ ಬಾಯ್ಲರ್ ಕಾರ್ಖಾನೆಯಲ್ಲಿ ಯಾವ ಉಕ್ಕಿನ ಪ್ಲೇಟು ಯಾವ ದೇಶದ ನಿಯಮಕ್ಕೆ ಸಲ್ಲುತ್ತದೆಂದು ಆರಿಸುವವಳು ವೇದಶ್ರೀ; ಕತ್ತರಿಸಿ ಬೆಸೆಯುವವನು ಪ್ರಭುರಾಜ. ಪರದೇಶಕ್ಕೆ ಹೋಗುವ ಟ್ಯಾಂಕಿಗೆ ಉಕ್ಕು ತಯಾರಕರ ಪ್ರಮಾಣಪತ್ರ ಸಾಕಿತ್ತು. ಕಲ್ಲೂರಿನ ರೈಸ್ ಮಿಲ್ಲಿನ ಬಾಯ್ಲರಿಗೆ ಸರ್ಕಾರಿ ತಪಾಸಣೆಯ ಸಹಿಯಿರುವ ಪತ್ರವೇ ಬೇಕಿತ್ತು.

ಬಾಯ್ಲರಿನ ಮೇಲೆ ಸಹಿಯ ಪತ್ರವುಳ್ಳ ಪ್ಲೇಟಿನ ನಂಬರೇನೋ ಇತ್ತು. ಆದರೆ ಆ ಪ್ಲೇಟು ಗೋದಾಮಿನಲ್ಲಿ ಇಡಿಯಾಗಿ ಸಿಕ್ಕಿತು! ಅಂದರೆ ಬೇರೆ ಪ್ಲೇಟನ್ನು ಕತ್ತರಿಸಿ, ಅದರ ಮೇಲೆ ಈ ನಂಬರನ್ನು ಹೊಡೆಯಲಾಗಿತ್ತು. ನಂಬರು ಹೊಡೆಯುವ ಪಂಚು ಹಿಡಿದ ಕೈ ಪ್ರಭುರಾಜನದು. ದೂರು ಕೊಟ್ಟವಳು ವೇದಶ್ರೀ.

"ಮೋಸಗಾರರ ಕೂಡ ನನಗ ಮಾತಿಲ್ಲ," ಎಂದು ಅಂದೇ ಹೇಳಿದ್ದಳು. ಅವನು ತಲೆತಗ್ಗಿಸಿ ಹೋಗಿದ್ದ.

ಈಗ ಅವಳು ಗಂಟು ಬಿಚ್ಚಿದಳು. ಅಂಗೈಯಗಲದ ಉಕ್ಕಿನ ತುಂಡು. ಅದರ ಮೇಲೆ ಪರದೇಶದ ಟ್ಯಾಂಕಿಗೆಂದು ಇಟ್ಟಿದ್ದ ಪ್ಲೇಟಿನ ನಂಬರು. ಪಕ್ಕದಲ್ಲಿ ಹಳದಿ ಬಣ್ಣದಲ್ಲಿ, ಕಲ್ಲೂರು ಬಾಯ್ಲರಿಗೆ ಕತ್ತರಿಸಬಹುದು ಎಂಬ ಬರಹ.

ಅಕ್ಷರ... ಅವಳದೇ!

"ಇದು... ಯಾವಾಗ ಬರೆದೆ ನಾನು?"

"ಲಗ್ನಾಗಿ ನಮ್ಮ ಮನಿಗೆ ಬರ್ತೀರೇನು ಅಂತ ನಾ ಕೇಳಿದ ದಿನ," ಅವನು ಮೆಲ್ಲಗೆ ಹೇಳಿದ. "ನಿಮ್ಮ ಕೈ ನಡುಗಾಕತ್ತಿತ್ತು. ಎದುರಿಗಿದ್ದ ಪ್ಲೇಟ್ ಬಿಟ್ಟು ಅದರ ಬಾಜೂದ್ದರ ಮ್ಯಾಲ ಬರದ್ರಿ. ಕತ್ತರಿಸಿದ ಮ್ಯಾಲ ನೋಡಿದೆ."

"ನನಗ ಹೇಳಬಾರದಿತ್ತೇನ್ರೀ?"

"ಹೇಳಿದ್ರ ನಿಮ್ಮ ನೌಕರಿ ಹೋಗತಿತ್ತು. ಉಕ್ಕು ಒಂದೇ ಅದ, ಕಾಗದ ಅಷ್ಟ ಬ್ಯಾರೆ, ಏನಾಗತದ ಅಂದ್ಕೊಂಡೆ." ಅವನು ಕಹಿಯಾಗಿ ನಕ್ಕ. "ನಮ್ಮಂಥ ಕುರಿ ಕಾಯೋರ ಬುದ್ಧಿ ನೋಡ್ರಿ!"

ಅವಳು ನಗಲಿಲ್ಲ. ತನ್ನ ತಪ್ಪಿಗೆ ಇವನನ್ನು ಮೋಸಗಾರನೆಂದೆನಲ್ಲ... ದೇವರೇ!

"ಇದನ್ನ ಯಾಕ ತಂದ್ರಿ? ಎಸೀಬೇಕಿತ್ತು."

"ಎಸೀಲಿಕ್ಕೆ ಕೃಷ್ಣಾ ಸೇತುವಿ ತನಕ ಹೋಗಿದ್ದೆ. ನಿಮ್ಮ ಅಕ್ಷರ... ಕೈ ಬಿಡಲಿಲ್ಲ. ನೀವ ಅಳಿಸಿಬಿಡ್ರಿ. ನಾಳೆ ನನ್ನ ಹೆಸರು ಬರೀರಿ. ಹ್ಯಾಂಗೂ ಸುಳ್ಳು ನಂಬರ್ ಹೊಡದಾಂವ ನಾನ. ನನ್ನ ಲೈಸೆನ್ಸ್ ಉಳಿಯಂಗಿಲ್ಲ. ನಮ್ಮೂರು ಮಸರಕಲ್ಲಿಗೆ ಹೋಗತೀನಿ."

ನಿಜ. ಅವಳು ಏನು ಬರೆದರೂ ಅವನು ಉಳಿಯುವುದಿಲ್ಲ. ಸತ್ಯ ಬರೆದರೆ ಇಬ್ಬರೂ ಮುಳುಗುತ್ತಾರೆ, ಅಷ್ಟೇ. ಕುರಿ ಕಾಯುವವರ ಮಗನನ್ನು ಅಮ್ಮ ಈ ಮನೆಯ ಹೊಸ್ತಿಲು ದಾಟಲು ಬಿಡುವ ದಿನವಂತೂ ಎಂದೂ ಬರದು.

"ಇನ್ನೂ ನಿಂತಾರೇನು ಅವರು?" ಒಳಗಿನ ದನಿ ಬಿರುಸಾಯಿತು.

ವೇದಶ್ರೀ ಉಕ್ಕಿನ ತುಂಡನ್ನು ಹೇಳಿಕೆಯ ಮೇಲಿಟ್ಟು ಪೆನ್ನು ತೆಗೆದಳು.

"ಏನ್ ಮಾಡಾಕತ್ತೀರಿ? ಬ್ಯಾಡ್ರಿ..."

"ಅವತ್ತು ನೀವು ಕೇಳಿದ್ದಕ್ಕ ನಾ ಉತ್ತರ ಕೊಟ್ಟಿರಲಿಲ್ಲ, ಹೌದಿಲ್ಲೋ?"

"ಈಗ್ಯಾಕದು? ಇನ್ನ ನನ್ನ ಹತ್ರ ಏನೈತ್ರಿ?"

"ನನ್ನ ಹತ್ರನೂ ನಾಳಿಂದ ಏನೂ ಇರಂಗಿಲ್ಲ." ಕಣ್ಣು ತುಂಬಿದ್ದರೂ ಈ ಸಲ ಅವಳ ಕೈ ನಡುಗಲಿಲ್ಲ. "ನಿಮ್ಮ ಮನಿಗೆ ಬರ್ತೀನ್ರೀ, ಪ್ರಭು."

ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವಳು ಬರೆದಳು:

ತಪ್ಪಿತಸ್ಥರು: ವೇದಶ್ರೀ.