ಕಂಚವ್ವನ ತಿರುಗುಗೊಂಡಿ

ಕೆರೆಗಳು ಇನ್ನೂ ಮಾತು ಮರೆಯದ ಕಾಲದಲ್ಲಿ ಮೂಡಲಕೇರಿ ಎಂಬ ರಾಜ್ಯವಿತ್ತು. ಅಲ್ಲಿನ ಹಿರಿಕೆರೆಯ ದಂಡೆಯಲ್ಲಿ ಹೊಳೆಯಪ್ಪ ಮತ್ತು ಕಂಚವ್ವ ಎಂಬ ಗಂಡಹೆಂಡತಿ ಇದ್ದರು. ಅವರದು ಗಿರಕಿಗಾಳದ ಬೇಟೆ. ನೇರವಾದ ಒಂದು ತಂತಿ, ಅದರ ಸುತ್ತ ಗಿರಗಿರನೆ ತಿರುಗುವ ಎಲೆಯಂಥ ಹಿತ್ತಾಳೆ ತಗಡು, ಕೆಳಗೆ ಸೀಸದ ಮಣಿ, ಮಣಿಯ ಕೆಳಗೆ ಮೂರು ಮುಳ್ಳಿನ ಗಾಳ. ನೀರಿಗೆ ಎಸೆದು ದಾರ ಎಳೆದರೆ ತಗಡು ತಿರುಗಿ ಮಿನುಗುತ್ತದೆ. ದೊಡ್ಡ ಮೀನು ಅದನ್ನು ಓಡುವ ಮರಿಮೀನೆಂದು ತಿಳಿದು ಬಾಯಿ ಹಾಕುತ್ತದೆ. ತಗಡು ಬಡಿಯುವವಳು ಕಂಚವ್ವ, ಎಸೆಯುವವನು ಹೊಳೆಯಪ್ಪ.

ತಗಡು ತಿರುಗಿದಂತೆ ದಾರವೂ ಹುರಿಗೊಳ್ಳುತ್ತದೆ. ಅದಕ್ಕೆಂದೇ ದಾರಕ್ಕೂ ತಂತಿಗೂ ನಡುವೆ ತಿರುಗುಗೊಂಡಿ ಕಟ್ಟಬೇಕು. ಅದು ಒಂದಕ್ಕೊಂದು ಪೋಣಿಸಿದ ಎರಡು ಪುಟ್ಟ ಬಳೆ, ಒಂದು ಎಷ್ಟು ತಿರುಗಿದರೂ ಇನ್ನೊಂದು ಸುಮ್ಮನಿರುತ್ತದೆ. ಹೊಳೆಯಪ್ಪನಿಗೆ ಅದನ್ನು ಕಟ್ಟುವುದೆಂದರೆ ಬೇಸರ.

ಆ ದಿನವೂ ಎಲ್ಲ ದಿನದಂತೆಯೇ ಇತ್ತು. ಹೊಳೆಯಪ್ಪ ದಂಡೆಯ ಮೇಲೆ ಚಪ್ಪಲಿ ಬಿಟ್ಟು ದಾರ ಬಿಚ್ಚುತ್ತಿದ್ದ.

"ಮಾವ, ತಿರುಗುಗೊಂಡಿ ಹಾಕಿದೆಯಾ?" ಎಂದಳು ಕಂಚವ್ವ.

"ಮೀನು ಕಚ್ಚೋದು ಗಾಳಾನ, ಕೊಂಡಿಯನ್ನಲ್ಲ. ಹಾಕ್ತೀನಿ ಬಿಡು."

"ನಿನ್ನ 'ಹಾಕ್ತೀನಿ' ಕೇಳಿ ಕೇಳಿ ಮನೆ ಬೆಕ್ಕಿಗೂ ನಗು ಬರುತ್ತೆ. ಸಿಕ್ಕು ಬಿಡಿಸೋಳು ನಾನು ತಾನೆ."

ಅವನ ರುಮಾಲಿನ ಸೆರಗಿಗೆ ಕೊಂಡಿಯೊಂದನ್ನು ಗಂಟು ಹಾಕಿ, ಹೊಸ ತಗಡು ತಿರುಗುತ್ತದೋ ಇಲ್ಲವೋ ನೋಡಲು ಅವಳು ಕೆರೆಯ ಮೆಟ್ಟಿಲಿಳಿದಳು. ಬಾಗಿ ಗಾಳವನ್ನು ನೀರಲ್ಲಿ ಎಳೆದಳು. ನೀರು ಒಂದು ಸುತ್ತು ಸುತ್ತಿತು. ಹೊಳೆಯಪ್ಪ ತಲೆ ಎತ್ತಿದಾಗ ಮೆಟ್ಟಿಲ ಮೇಲೆ ಗಾಳ ಮಾತ್ರ ಇತ್ತು. ನೀರಲ್ಲಿ ಒಂದು ಬಿಳಿ ಮೀನು ಹೊರಳಿ ಮುಳುಗಿತು.

"ಕಂಚಿ?" ಎಂದ ಅವನು. ಮೆಟ್ಟಿಲ ಹಿಂದೆ ನೋಡಿದ, ಮರದ ಹಿಂದೆ ನೋಡಿದ. ಮರದ ಹಿಂದೆ ಯಾಕೆ ನೋಡಿದೆನೆಂದು ಅವನಿಗೇ ತಿಳಿಯಲಿಲ್ಲ.

ಜೊಂಡಿನಿಂದ ಒಂದು ನೀರುನಾಯಿ ತಲೆ ಹೊರಗೆ ಹಾಕಿತು.

"ಅಲ್ಲಿಲ್ಲ ಅಣ್ಣಾ. ಸುಳಿರಾಯ ಬಂದಿದ್ದಾನೆ. ಕೆರೆಯಿಂದ ಕೆರೆಗೆ ಹರಿಯೋ ಮಾಟಗಾರ. ಅವನಿಗೆ ಸ್ವಂತ ನೆನಪು ಅಂತ ಒಂದೂ ಇಲ್ಲ, ಅದಕ್ಕೇ ಕೆರೆಯ ತಳದಲ್ಲಿ ಕದಿರು ಹಿಡಿದು ಕೂತು ಕಂಡವರ ನೆನಪು ನೂಲ್ತಾನೆ. ಅವನ ಸುಳಿಗೆ ಸಿಕ್ಕವರು ನೀರಿನ ಜೀವ ಆಗಿಬಿಡ್ತಾರೆ. ನಾನೂ ಹಿಂದೆ ರಾಜನ ದಳವಾಯಿ ಆಗಿದ್ದೆ. ಅಥವಾ ದಳವಾಯಿಯ ಕುದುರೆ. ಯಾವುದೋ ಒಂದು."

"ನನ್ನ ಹೆಂಡತಿ?"

"ಆ ಬಿಳಿ ಮೀನು. ಮೂರು ಸಲ ಗಾಳ ಎಸೆಯೋಕೆ ಕೆರೆ ಒಪ್ಪುತ್ತೆ. ದಡಕ್ಕೆ ಬಂದಾಗ ಹೆಸರು ಹಿಡಿದು ಕರೀಬೇಕು. ಕರೆಯದೆ ಹೋದರೆ ಮೀನು ಮೀನಾಗೇ ಉಳಿಯುತ್ತೆ. ಮುಳ್ಳು ಕಿತ್ತು ಹಾಕು, ತುಟಿ ಹರಿದೀತು."

ಹೊಳೆಯಪ್ಪ ಚೀಲದಲ್ಲಿದ್ದ ಎರಡು ಗಾಳಗಳ ಮುಳ್ಳನ್ನೂ ಮೆಟ್ಟಿಲ ಮೇಲಿದ್ದ ಗಾಳದ ಮುಳ್ಳನ್ನೂ ಕಿತ್ತ. ಕೊಂಡಿಯ ನೆನಪು ಅವನಿಗೆ ಬರಲಿಲ್ಲ. ಯಾವ ದಿನ ತಾನೆ ಬಂದಿತ್ತು?

ಮೊದಲನೆಯ ಗಾಳ ಎಸೆದು ಎಳೆದ. ತಗಡು ತಿರುಗಿತು, ದಾರ ಹುರಿಗೊಂಡಿತು. ಹುರಿ ಬೆರಳಿಗೆ ಹತ್ತಿತು, ಬೆರಳಿನಿಂದ ತಲೆಗೆ ಹತ್ತಿತು. ದಾರ ಗಂಟಾಗಿ ಪಟ್ಟೆಂದು ಹರಿದು, ಗಾಳದ ಸಮೇತ ಆಳಕ್ಕೆ ಇಳಿಯಿತು.

"ಏನು ಹಿಡಿದೆ, ಹೊಳೆಯಪ್ಪ?" ಎಂದಿತು ನೀರೊಳಗಿನಿಂದ ಸುಳಿರಾಯನ ದನಿ.

ಜಾಗ ಬದಲಿಸೋಣವೆಂದು ಅವನು ಚಪ್ಪಲಿ ಮೆಟ್ಟಿದ. ಅವು ಕಾಲಿಗೆ ಕೂರಲಿಲ್ಲ. ಎಡ ಯಾವುದು, ಬಲ ಯಾವುದು? ಎರಡು ಕಾಲೂ ಅವನದೇ, ಎರಡೂ ಒಂದೇ ತರ ಕಂಡವು.

"ಬಲಕ್ಕೆ ಹೋಗಣ್ಣಾ," ಎಂದಿತು ನೀರುನಾಯಿ.

"ಹಾಗಂದರೆ?"

ನೀರುನಾಯಿ ಯೋಚಿಸಿತು. "ನನಗೂ ಗೊತ್ತಿಲ್ಲ," ಎಂದಿತು.

ಎರಡನೆಯ ಗಾಳ ಎಸೆದು ಎಳೆದ. ತಗಡು ತಿರುಗಿತು, ದಾರ ಹುರಿಗೊಂಡಿತು. ಹುರಿ ಬೆರಳಿಗೆ ಹತ್ತಿತು, ಬೆರಳಿನಿಂದ ತಲೆಗೆ ಹತ್ತಿತು. ಬಿಳಿ ಮೀನು ಹಿಂದೆಯೇ ಬಂದು ತಿರುಗಿ ಹೋಯಿತು. ಈ ಸಲ ದಾರ ಹರಿಯಲಿಲ್ಲ, ಹಕ್ಕಿಗೂಡಿನಂತೆ ಸಿಕ್ಕಾಗಿ ಕೈಗೆ ಬಂತು. ಆ ಸಿಕ್ಕನ್ನು ಕತ್ತರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಏನು ಹಿಡಿದೆ, ಹೊಳೆಯಪ್ಪ? ಯಾವ ಊರಪ್ಪಾ ನಿಂದು?"

ಅವನು ಬಾಯಿ ತೆರೆದ. ಬಾಯಿಗೆ ಊರು ಬರಲಿಲ್ಲ. ಒಲೆ ಕಣ್ಣಿಗೆ ಬಂತು, ಬೆಕ್ಕು ಬಂತು. ಅವು ಯಾವ ಊರಿನಲ್ಲಿದ್ದವು ಎಂಬುದು ಬರಲಿಲ್ಲ.

ಉಳಿದದ್ದು ಹೊಸ ತಗಡಿನ ಗಾಳ. ಅದನ್ನು ಎಸೆದು ಎಳೆದ. ಹೆಚ್ಚು ಬಿರುಸಾಗಲಿಲ್ಲ, ಹೆಚ್ಚು ನಿಧಾನವೂ ಆಗಲಿಲ್ಲ. ತಗಡಿನ ನಡುಕ ಬೆರಳಿಗೆ ತಿಳಿಯುವಷ್ಟು. ತಗಡು ತಿರುಗಿತು, ದಾರ ಹುರಿಗೊಂಡಿತು. ಹುರಿ ಬೆರಳಿಗೆ ಹತ್ತಿತು, ಬೆರಳಿನಿಂದ ತಲೆಗೆ ಹತ್ತಿತು. ಅಷ್ಟರಲ್ಲಿ ದಾರ ಭಾರವಾಯಿತು. ಮುಳ್ಳಿಲ್ಲದ ಗಾಳವನ್ನು ಬಿಳಿ ಮೀನು ತಾನಾಗಿಯೇ ಕಚ್ಚಿ ಹಿಡಿದಿತ್ತು.

"ಕರೆಯಣ್ಣಾ, ಇನ್ನೇನು ದಡಕ್ಕೆ ಬಂತು," ಎಂದಿತು ನೀರುನಾಯಿ.

"ಯಾರನ್ನ?"

ನೀರೊಳಗಿನ ದನಿ ನಕ್ಕಿತು. ಹೊಳೆಯಪ್ಪ ದಾರ ಹಿಡಿದು ನಿಂತ. ಯಾರನ್ನೋ ಕರೆಯಬೇಕಿತ್ತು. ಗಂಡಸೋ ಹೆಂಗಸೋ ತಿಳಿಯದು. ಮುಖವಿಲ್ಲ, ಹೆಸರಿಲ್ಲ. ಆದರೂ ಬಿಟ್ಟರೆ ಬದುಕಿಲ್ಲ ಎಂದು ಕೈಗೆ ಗೊತ್ತಿತ್ತು, ಕೈ ಬಿಡಲಿಲ್ಲ. ಬೆವರು ಕಣ್ಣಿಗಿಳಿಯಿತು. ಒರೆಸಲು ರುಮಾಲಿನ ಸೆರಗು ಎಳೆದಾಗ ಗಟ್ಟಿಯಾದುದೊಂದು ಹಣೆಗೆ ತಾಗಿತು.

ಮಾವ, ತಿರುಗುಗೊಂಡಿ ಹಾಕಿದೆಯಾ?

ಯಾರ ದನಿಯೆಂದು ತಿಳಿಯಲಿಲ್ಲ. ಕೇಳಿದ್ದು ಮಾತ್ರ ತಿಳಿಯಿತು.

"ಹಾಕ್ತೀನಿ," ಎಂದ ಹೊಳೆಯಪ್ಪ, ಮತ್ತು ಹಾಕಿದ. ದಾರವನ್ನು ಕಾಲಿನಿಂದ ಒತ್ತಿ ಹಿಡಿದು, ಮೊಣಕಾಲ ಬಳಿ ಕತ್ತರಿಸಿ, ಒಂದು ತುದಿಯನ್ನು ಒಂದು ಬಳೆಗೆ, ಇನ್ನೊಂದನ್ನು ಇನ್ನೊಂದಕ್ಕೆ ಬಿಗಿದ. ಮತ್ತೆ ಎಳೆದ.

ತಗಡು ತಿರುಗಿತು, ಕೊಂಡಿ ತಿರುಗಿತು. ಕೈಯಲ್ಲಿದ್ದ ದಾರ ಸುಮ್ಮನಿತ್ತು. ಬೆರಳಿಗೆ ಹತ್ತಿದ್ದ ಹುರಿ ಹಿಂದಕ್ಕೆ ಬಿಚ್ಚಿಕೊಂಡಿತು. ಮೊದಲು ನೆನಪಿಗೆ ಬಂದದ್ದು ಸುತ್ತಿಗೆ ಹಿಡಿದ ಕೈ, ಆಮೇಲೆ ನಗು, ಆಮೇಲೆ ಮುಖ.

"ಕಂಚವ್ವಾ," ಎಂದು ಕರೆದ.

ಕಂಚವ್ವ ಒದ್ದೆ ಸೀರೆಯಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಬಾಯಿಂದ ಗಾಳ ತೆಗೆದು, "ತಗಡು ಚೆನ್ನಾಗಿ ತಿರುಗುತ್ತೆ," ಎಂದಳು.

ಬಿಚ್ಚಿದ ಹುರಿಯೆಲ್ಲ ಸುಳಿರಾಯನಿಗೇ ಸುತ್ತಿಕೊಂಡಿತು. ಅವನು ಹಗ್ಗದಂತೆ ಹೊಸೆದುಹೋಗಿ, ತೆಳ್ಳಗಾಗಿ, ಕೊನೆಗೆ ಒಂದು ಗುಳ್ಳೆಯಾಗಿ ಒಡೆದ. ಕೆರೆಯಿಂದ ಕುರುಬರು, ತಮಟೆಯವರು, ಒಬ್ಬಳು ಮದುವಣಗಿತ್ತಿ ಎದ್ದು ಬಂದು, ತಂತಮ್ಮ ಊರಿನ ದಾರಿ ಕೇಳುತ್ತ ಹೊರಟರು. ನೀರುನಾಯಿ ಮೈ ಕೊಡವಿತು. ಅಲ್ಲಿ ನಿಂತದ್ದು ದಳವಾಯಿಯ ಕುದುರೆ.

"ನಮ್ಮ ಊರು ಯಾವುದು?" ಎಂದು ಹೊಳೆಯಪ್ಪ ಮೆಲ್ಲಗೆ ಕೇಳಿದ.

ಕಂಚವ್ವ ಅವನ ಸೊಂಟದಲ್ಲಿದ್ದ ಸಿಕ್ಕನ್ನು ನೋಡಿದಳು. "ಕೊಡು ಇಲ್ಲಿ," ಎಂದು ಕುಳಿತಲ್ಲೇ ಬಿಡಿಸಿದಳು. ಕೊನೆಯ ಗಂಟು ಬಿಚ್ಚಿದಾಗ ಅವನೇ ಊರಿನ ಹೆಸರು ಹೇಳಿದ. ಆಳಕ್ಕೆ ಇಳಿದ ಮೊದಲನೆಯ ದಾರ ಮಾತ್ರ ಯಾರ ಕೈಗೂ ಸಿಗಲಿಲ್ಲ, ಅದರೊಂದಿಗೆ ಹೋದ ಎಡಬಲವೂ ಸಿಗಲಿಲ್ಲ.

ಮೂಡಲಕೇರಿಯಲ್ಲಿ ಆಮೇಲೆ ಮಳೆ ಹೊತ್ತಿಗೆ ಬಂತು, ಕೆರೆ ತುಂಬಿತು, ಎಲ್ಲರ ಮನೆಯಲ್ಲೂ ಒಲೆ ಉರಿಯಿತು. ಗಂಡಹೆಂಡತಿ ಬಹುಕಾಲ ಬೇಟೆಯಾಡಿಕೊಂಡು ಸುಖವಾಗಿದ್ದರು.

ಹೊಳೆಯಪ್ಪನ ಎಡಗಾಲಿನ ಚಪ್ಪಲಿಗೆ ಒಂದು ಪುಟ್ಟ ಹಿತ್ತಾಳೆ ಬಳೆ ಕಟ್ಟಿತ್ತು.