ಹಿಂದಿನ ಬೆಂಚಿನ ಅಜ್ಜ

೧೯೭೯ರಲ್ಲಿ ಇನ್ನಂಜೆಯ ಶಾಲೆಯೊಂದರಲ್ಲಿ ನಾನು ಮಕ್ಕಳಿಗೆ ತಾವೇ ಸಣ್ಣ ಧಾಟಿ ಕಟ್ಟುವುದನ್ನು ಕಲಿಸುತ್ತಿದ್ದೆ. ಒಬ್ಬೊಬ್ಬರು ಒಂದೊಂದು ಸ್ವರ ಸೇರಿಸಬೇಕು. ಒಂದು ಸೆಕೆಯ ಮಧ್ಯಾಹ್ನ ವೆರೊನಿಕಾ ಎಂಬ ಹುಡುಗಿ ತನ್ನ ಸ್ವರ ಮುಗಿಸಿದ್ದೇ ತಡ, ಖಾಲಿಯಿದ್ದ ಹಿಂದಿನ ಬೆಂಚಿನಿಂದ ಮುದಿಧ್ವನಿಯೊಂದು ಅಪಸ್ವರ ಎಳೆಯಿತು. ನನ್ನ ಕುತ್ತಿಗೆಗೆ ತಣ್ಣನೆಯ ಗಾಳಿ ತಾಗಿತು.

ವೆರೊನಿಕಾ ಹಿಂದೆ ತಿರುಗಿ ಗದರಿದಳು. "ಅಜ್ಜ, ಶ್ರುತಿ ಇಲ್ಲ. ಪುನಃ ಹೇಳಿ."

ಯಾರೋ ಗಂಟಲು ಸರಿಮಾಡಿಕೊಂಡರು. ಈ ಸಲ ಸ್ವರ ಸರಿಯಾಗಿ ಬಂತು.

"ಯಾರದು?" ಎಂದೆ.

"ಎಂತ ಟೀಚರ್, ಅವರು ದಿನಾ ಬರ್ತಾರಲ್ವಾ? ನೀವೇ ಹಾಜರಿ ಕರೆಯುವುದಿಲ್ಲ."

ಅಜ್ಜನನ್ನು ಬಿಟ್ಟು ವಾರ್ಷಿಕೋತ್ಸವದಲ್ಲಿ ಹಾಡಲು ಮಕ್ಕಳು ಒಪ್ಪಲೇ ಇಲ್ಲ. ವೇದಿಕೆಯ ಮೇಲೆ ಕೊನೆಯ ಸ್ವರಕ್ಕೆ ಎಲ್ಲರೂ ಬಾಯಿ ಮುಚ್ಚಿ ನಿಂತರು. ಆ ಸ್ವರ ಬಂತು. ಜೋರು ಚಪ್ಪಾಳೆ ಬಿತ್ತು.

ಹೆಡ್ಮಾಸ್ಟರ್ ಜನಾರ್ದನ ರಾಯರು ಎದ್ದು, "ಆ ದಪ್ಪ ಸ್ವರದ ಹುಡುಗನಿಗೆ ಬಹುಮಾನ ಕೊಡುವ, ಎಲ್ಲಿದ್ದಾನೆ?" ಎಂದರು.

ಮಕ್ಕಳೆಲ್ಲ ಒಟ್ಟಿಗೆ ಅವರ ಪಕ್ಕದ ಖಾಲಿ ಕುರ್ಚಿಯತ್ತ ಬೆರಳು ತೋರಿಸಿದರು.